ಗೌಂಡಿಗಳು ಕೆಲಸ ನಿಲ್ಲಿಸಿದ ಜಾಗ

ಮೆಹತಾಬ್ ಬಾವಡಿಯ ಉತ್ತರದ ಗೋಡೆಯಲ್ಲಿ ಮೊರದಗಲದ ಒಂದು ಜಾಗ ಮಾತ್ರ ಗಟ್ಟಿಯಾಗಲು ಒಪ್ಪಲಿಲ್ಲ.

ವಿಜಯಪುರದ ಆ ಮೆಟ್ಟಿಲುಬಾವಿ ಬಾದಶಹರ ಕಾಲದ್ದು. ಪ್ರತಿ ಮಳೆಗಾಲದಲ್ಲೂ ಅದರ ಗೋಡೆ ಒಂದಿಷ್ಟು ಉದುರುತ್ತಿತ್ತು. ಪೂರ್ತಿ ಕುಸಿದರೆ ಮೇಲಿನ ರಸ್ತೆಯೂ ರಸ್ತೆಯಂಚಿನ ಮನೆಗಳ ಸಾಲೂ ಬಾವಿಯ ಪಾಲಾಗುವುದು ಖಂಡಿತವಾಗಿತ್ತು. ಸಿಮೆಂಟು ಬಳಿದರೆ ಹಳೆಯ ಕಲ್ಲು ಇನ್ನಷ್ಟು ಸೀಳುತ್ತದೆಂದು ಗೊತ್ತಾದ ಮೇಲೆ, ಇಂಥ ಗೋಡೆಗಳನ್ನು ಬ್ಯಾಕ್ಟೀರಿಯಾಗಳ ಕೈಗೆ ಒಪ್ಪಿಸುವ ಪದ್ಧತಿ ಬಂದಿತ್ತು. ಬಿರುಕಿನೊಳಗೆ ಅವನ್ನು ಹರಿಸಿ ಯೂರಿಯಾವನ್ನೂ ಸುಣ್ಣ ಕರಗಿಸಿದ ನೀರನ್ನೂ ಉಣಿಸುತ್ತ ಹೋದರೆ ಸಾಕು. ಅವು ಯೂರಿಯಾ ಒಡೆಯುತ್ತವೆ, ಸುತ್ತಲಿನ ನೀರು ಕ್ಷಾರವಾಗುತ್ತದೆ, ಕ್ಷಾರದಲ್ಲಿ ಕರಗಿರಲಾರದೆ ಸುಣ್ಣ ಹರಳುಗಟ್ಟುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕೂರುವಂತೆಯೇ, ಆದರೆ ಅದಕ್ಕಿಂತ ಬಹಳ ಬೇಗ. ಕೆಲಸಗಾರರು ಆ ಬ್ಯಾಕ್ಟೀರಿಯಾಗಳಿಗೆ 'ಗೌಂಡಿ', ಎಂದರೆ ಗಾರೆ ಕೆಲಸದವ, ಎಂದು ಹೆಸರಿಟ್ಟಿದ್ದರು. ಸರ್ಕಾರಿ ವರದಿಗಳಲ್ಲೂ ಆ ಹೆಸರೇ ಉಳಿದುಕೊಂಡಿತು.

ಗೌಂಡಿಗಳ ಉಸ್ತುವಾರಿ ಸುಗಲಾ ಮನಗೂಳಿಯದು. ಬಾವಡಿಯ ಕಮಾನಿನ ಪಕ್ಕದ ತಗಡಿನ ಕೋಣೆಯಲ್ಲಿ ಅವಳ ಪರದೆಗಳಿದ್ದವು. ಗೋಡೆಯ ತುಂಬ ಚುಚ್ಚಿದ ಸೂಜಿಗಳು ಒಳಗಿನ ಸುದ್ದಿ ಕಳಿಸುತ್ತಿದ್ದವು. ಕೆಲಸ ನಡೆದಲ್ಲಿ ಹಸಿರು, ನಿಂತಲ್ಲಿ ಹಳದಿ. ಗೋಡೆಯೆಲ್ಲ ಹಸಿರಾಗಿದ್ದರೂ ನೀರಿನ ಮಟ್ಟಕ್ಕಿಂತ ತುಸು ಮೇಲೆ ಆ ಮೊರದಗಲದ ಜಾಗ ಹಳದಿಯಾಗಿಯೇ ಇತ್ತು.

"ಆ ಜಾಗದಾಗ ಗೌಂಡಿ ಸತ್ತಾವೇನ್ರಿ ಮೇಡಂ?" ಎಂದರು ಮುಖ್ಯ ಎಂಜಿನಿಯರ್ ಶಿರಗುಪ್ಪಿ.

"ಸತ್ತಿಲ್ಲ ಸರ್. ಬ್ಯಾರೆ ಕಡೆಗಿಂತ ಅಲ್ಲೇ ಜಾಸ್ತಿ ಅದಾವ. ಉಣ್ಣಾಕತ್ತಾವ, ಬೆಳಿಯಾಕತ್ತಾವ. ಕೆಲಸ ಮಾತ್ರ ಮಾಡವಲ್ವು."

"ಮಳಿ ಬರೂದ್ರೊಳಗ ಅದನ್ನ ಮುಚ್ಚಬೇಕ್ರಿ. ಯಾಕ ಅಂತ ಆಮ್ಯಾಲ ಕೇಳೂಣು."

ಆದರೆ ಸುಗಲಾಳ ತಲೆಯಲ್ಲಿ ಆ 'ಯಾಕ' ಆಗಲೇ ಮನೆ ಮಾಡಿಬಿಟ್ಟಿತ್ತು. ತೊಟ್ಟಿಲಿನಂಥ ಲಿಫ್ಟಿನಲ್ಲಿ ಇಳಿದು ಆ ಜಾಗವನ್ನು ಬೆರಳಿನಿಂದ ಸವರಿದಳು. ಲೋಳೆ ಲೋಳೆಯಾಗಿತ್ತು. ಕಲ್ಲಿನ ಸಂದಿನಿಂದ ಸಣ್ಣಗೆ ನೀರು ಒಸರುತ್ತಿತ್ತು. ಲೋಳೆಯನ್ನು ಕೆರೆದು ಶೀಶೆಗೆ ತುಂಬಿಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು.

ಅವ್ವನ ಧ್ವನಿ ಸಣ್ಣಗಾಗಿತ್ತು. "ಸುಗಲಾ, ಲಗೂನ ದವಾಖಾನಿಗೆ ಬಾ. ಅಣ್ಣನ ಹಣಿ ಬೆವರಾಕತ್ತೈತಿ."

ಬೇರೆ ಮನೆಯಲ್ಲಾದರೆ ಹಣೆ ಬೆವರಿದ್ದಕ್ಕೆ ಯಾರೂ ಫೋನು ಮಾಡುವುದಿಲ್ಲ. ಅವರ ಮನೆಯಲ್ಲಿ ಅದು ಅಪಾಯದ ಗಂಟೆ. ಸುಗಲಾಳ ಅಣ್ಣ ಮಲಕಾರಿ ಒಂದು ಕಾಲಕ್ಕೆ ರಾಜ್ಯಕ್ಕೇ ಹೆಸರಾದ ಸೈಕಲ್ ಪಟು. ಸೋಲಾಪುರ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹಿಂದಿನಿಂದ ಬಂದ ಟ್ರಕ್ಕು ಬೆನ್ನುಹುರಿಯನ್ನು ಎದೆಯ ಮಟ್ಟದಲ್ಲಿ ಮುರಿದಿತ್ತು. ಕೈಗಳು ಉಳಿದವು, ಕಾಲುಗಳು ಹೋದವು. ಮೂತ್ರ ಬಂದದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಅಂದಿನಿಂದ ಮೂತ್ರಕೋಶಕ್ಕೊಂದು ಕೊಳವೆ, ಕೊಳವೆಯ ತುದಿಗೊಂದು ಚೀಲ. ಕೊಳವೆ ಕಟ್ಟಿಕೊಂಡರೆ ಕೋಶ ಉಬ್ಬುತ್ತಿತ್ತು. ನೋವು ಗೊತ್ತಾಗದ ಆ ದೇಹ ರಕ್ತದೊತ್ತಡವನ್ನು ಒಮ್ಮೆಲೇ ಏರಿಸಿ ಹಣೆಯ ಮೇಲೆ ಬೆವರಾಗಿ ಕೂಗಿಕೊಳ್ಳುತ್ತಿತ್ತು. ತಡವಾದರೆ ಮೆದುಳಿನ ನಾಳ ಒಡೆಯಬಹುದಿತ್ತು. ಆದ್ದರಿಂದ ಅವ್ವ ಗೌರಾಬಾಯಿ ಹಗಲಿರುಳು ಮಗನ ಹಣೆ ನೋಡುತ್ತಲೇ ಬದುಕಿದ್ದಳು. ಅವಳ ನಿದ್ದೆ ಕೋಳಿನಿದ್ದೆಯಾಗಿತ್ತು.

ಸುಗಲಾ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಡಾಕ್ಟರ್ ಫರೀದಾ ಇನಾಮದಾರ ಕೊಳವೆ ಬದಲಿಸಿದ್ದರು. ಮಲಕಾರಿಯ ಮುಖದ ಕೆಂಪು ಇಳಿಯುತ್ತಿತ್ತು.

"ಬಂದ್ಯಾ ತಂಗೆವ್ವಾ? ಈ ಸಲಾನೂ ಗೆದ್ದೆ ನೋಡು," ಎಂದು ನಕ್ಕ.

ಡಾಕ್ಟರು ತೆಗೆದ ಕೊಳವೆಯನ್ನು ಉದ್ದಕ್ಕೆ ಸೀಳಿ ತಟ್ಟೆಯಲ್ಲಿಟ್ಟಿದ್ದರು. ಒಳಗೆಲ್ಲ ಬಿಳಿಯ ಹಕ್ಕಳೆ. ದನದ ಕೊಟ್ಟಿಗೆಯ ಘಾಟು ಮೂಗಿಗೆ ಬಡಿಯಿತು. ಆಮೇಲೆ ಎಕ್ಸ್‌ರೇ ಎತ್ತಿ ತೋರಿಸಿದರು. ಬಲಗಡೆಯ ಮೂತ್ರಪಿಂಡದೊಳಗೆ ಹಸಿಶುಂಠಿಯಂತೆ ಕವಲೊಡೆದ ಒಂದು ಕಲ್ಲು ಕೂತಿತ್ತು.

"ಪೈಪ್‌ನಾಗ ಕಟ್ಟಿದ್ದು, ಮ್ಯಾಲ ಕಿಡ್ನಿಯೊಳಗ ಬೆಳದದ್ದು, ಎರಡೂ ಒಂದೇ," ಎಂದರು.

ಅವ್ವ ಕೈಮುಗಿದಂತೆ ನಿಂತಿದ್ದಳು. "ನಾ ಅವಂಗ ಟೊಮ್ಯಾಟೋ ಮುಟ್ಟಿಸಿಲ್ರೀ ಬಾಯಾರ. ಪಾಲಕ್ ಹಾಕಿಲ್ಲ. ಕೊಡಗಟ್ಲೆ ನೀರ ಕುಡಸ್ತೀನಿ."

"ನಿಮ್ಮ ಅಡಗಿದು ತಪ್ಪಿಲ್ಲ ಅವ್ವಾರ. ಕಲ್ಲಿನ್ಯಾಗ ಬ್ಯಾರೆ ಬ್ಯಾರೆ ನಮೂನಿ ಇರ್ತಾವ. ಇದು ಸೋಂಕಿನ ಕಲ್ಲು. ಪ್ರೋಟಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಪೈಪ್ ಹಿಡಕೊಂಡು ಒಳಗ ಹೋಗತೈತಿ. ಮೂತ್ರದಾಗಿನ ಯೂರಿಯಾ ಒಡದು ಅದನ್ನ ಕ್ಷಾರ ಮಾಡತೈತಿ. ಆಗ ಮೂತ್ರದಾಗಿನ ಲವಣ ಎಲ್ಲಾ ಹರಳಾಗಿ ಕುಂದರತಾವ. ಆ ಹರಳಿನೊಳಗ ಬ್ಯಾಕ್ಟೀರಿಯಾ ಬಾಗಲಾ ಹಾಕ್ಕೊಂಡು ಕುಂತಂಗ. ಔಷಧ ಒಳಗ ಮುಟ್ಟಂಗಿಲ್ಲ. ಆಪರೇಷನ್ ಮಾಡಿ ತಗದ್ರೂ ಒಂದು ಚೂರು ಉಳದ್ರ ಸಾಕು, ಮತ್ತ ಬೆಳಿತೈತಿ."

ಸುಗಲಾ ಬಾಯಿ ತೆರೆದು ಕೇಳುತ್ತಿದ್ದಳು. ಯೂರಿಯಾ, ಕ್ಷಾರ, ಹರಳು. ದಿನಾ ತಗಡಿನ ಕೋಣೆಯಲ್ಲಿ ಇದೇ ಮಾತುಗಳನ್ನು ತಾನೇ ಆಡುತ್ತಿದ್ದಳು. ಅಣ್ಣನಿಗೂ ಅದು ಹೊಳೆಯಿತು.

"ಅಂದ್ರ ನನ್ನೊಳಗೂ ಗೌಂಡಿ ಹೊಕ್ಕಾರನು! ನಿನ್ನವು ಗೋಡಿ ಉಳಸ್ತಾವ, ನನ್ನವು ನನ್ನ ಗೋರಿ ಕಟ್ಟಾಕತ್ತಾವ."

"ಸಾಕು, ಅನಿಷ್ಟ ಮಾತಾಡಬ್ಯಾಡ," ಎಂದು ಅವ್ವ ಗದರಿದಳು.

ಸುಗಲಾ ಡಾಕ್ಟರನ್ನು ಕೇಳಿ ಸೀಳಿದ ಕೊಳವೆಯ ತುಂಡೊಂದನ್ನು ಜೊತೆಗೆ ಒಯ್ದಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದೇ ಕಸುಬಿನ ಎರಡು ಜೀವಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಆಸೆ, ಅಷ್ಟೆ.

ಪ್ರಯೋಗಾಲಯದಲ್ಲಿ ಮೊದಲು ಆ ಹಳದಿ ಜಾಗದ ಲೋಳೆಯ ಒಗಟನ್ನೇ ಬಿಡಿಸಿದಳು. ಗೌಂಡಿ ಒಂಟಿಯಾಗಿ ಗೋಡೆ ಕಟ್ಟುವುದಿಲ್ಲ. ಪ್ರತಿಯೊಂದೂ ನೀರಿಗೆ ಚಿಟಿಕೆಯಷ್ಟು ಒಂದು ರಾಸಾಯನಿಕವನ್ನು ಬಿಡುತ್ತಿರುತ್ತದೆ. ಅದು ದಟ್ಟವಾಯಿತೆಂದರೆ ಮಂದಿ ಕೂಡಿದ್ದಾರೆಂದು ಅರ್ಥ. ಆಗ ಎಲ್ಲವೂ ಒಟ್ಟಿಗೆ ಕೆಲಸಕ್ಕೆ ಕೈಹಚ್ಚುತ್ತವೆ. ಲೋಳೆಯಲ್ಲಿ ಬೇರೊಂದು ಸೂಕ್ಷ್ಮಜೀವಿ ಇತ್ತು. ಯಾವ ಪಟ್ಟಿಯಲ್ಲೂ ಇಲ್ಲದ, ಎಳೆ ಎಳೆಯಾದ ಜೀವಿ. ಅದು ಬಿಡುತ್ತಿದ್ದ ಪದಾರ್ಥ ಗೌಂಡಿಗಳ ರಾಸಾಯನಿಕದಂತೆಯೇ ಇತ್ತಾದರೂ ಪೂರ್ತಿ ಹಾಗಿರಲಿಲ್ಲ. ಬೀಗದಲ್ಲಿ ತಪ್ಪು ಕೀಲಿಕೈ ಸಿಕ್ಕಿಕೊಂಡರೆ ಸರಿಯಾದದ್ದೂ ಒಳಗೆ ಹೋಗದಂತೆ, ಗೌಂಡಿಗಳಿಗೆ ಪಕ್ಕದವರ ಕೂಗು ಕೇಳಿಸದೆ ಹೋಗಿತ್ತು. ಸಾವಿರ ಸಾವಿರ ಸಂಖ್ಯೆಯಲ್ಲಿದ್ದರೂ ಒಂದೊಂದಕ್ಕೂ ತಾನೊಬ್ಬನೇ ಎಂಬ ಭ್ರಮೆ.

ಅಣ್ಣನ ಪ್ರೋಟಿಯಸ್ ಬೇರೆಯೇ ಜಾತಿ. ಅದಕ್ಕೂ ಇದೇ ಭ್ರಮೆ ಹಿಡಿಸಬಹುದೇ?

ಗಾಜಿನ ಎರಡು ಪಾತ್ರೆಗಳನ್ನು ಮೂತ್ರಕೋಶದಂತೆ ಸಜ್ಜುಗೊಳಿಸಿದಳು. ದೇಹದ ಬಿಸಿ, ತೊಟ್ಟಿಕ್ಕುವ ಮೂತ್ರ, ಕೆಳಗೊಂದು ಕೊಳವೆ. ಎರಡಕ್ಕೂ ಮಲಕಾರಿಯ ಪ್ರೋಟಿಯಸ್ ಬಿಟ್ಟಳು. ಎರಡನೆಯದಕ್ಕೆ ಮಾತ್ರ ಲೋಳೆಯ ಪದಾರ್ಥವನ್ನು ಬೆರೆಸಿದಳು. ಮೂತ್ರಕ್ಕೆ ಮಾತ್ರ ಮನೆಯಲ್ಲಿ ಕೈಚಾಚಬೇಕಾಯಿತು.

"ಕೊಡಗಟ್ಲೆ ಬೇಕಂತ!" ಎಂದು ಮಲಕಾರಿ ಹೊಟ್ಟೆ ತುಂಬ ನಕ್ಕ. "ಅವ್ವಾ, ನಿನ್ನ ಮಗ ಕಡೀಕೂ ಉಪಯೋಗಕ್ಕ ಬಂದ ನೋಡು. ಒಯ್ಯವಾ ತಂಗಿ, ಎಷ್ಟ ಬೇಕಾದಷ್ಟು ಒಯ್ಯಿ."

ಮೊದಲ ಪಾತ್ರೆಯ ಕೊಳವೆ ವಾರದೊಳಗೆ ಕಟ್ಟಿಕೊಂಡಿತು. ಎರಡನೆಯದು ಕಟ್ಟಲಿಲ್ಲ. ಸುಗಲಾ ಅದನ್ನು ಸೀಳಿ ನೋಡಿದಾಗ ಒಳಗೆ ಪ್ರೋಟಿಯಸ್ ಧಾರಾಳವಾಗಿ ಈಜಾಡುತ್ತಿತ್ತು. ಹಕ್ಕಳೆ ಮಾತ್ರ ಇರಲಿಲ್ಲ. ಅವಳು ಮೂರು ಸಲ ಅದೇ ಪ್ರಯೋಗ ಮಾಡಿದಳು, ಮೂರು ಸಲವೂ ಅದೇ ಉತ್ತರ. ಮನೆಗೆ ಬಂದು ಹೇಳಿದಾಗ ಮಲಕಾರಿ ಆ ಪದಾರ್ಥಕ್ಕೆ 'ಸಾಕು' ಎಂದು ಹೆಸರಿಟ್ಟ. "ಗೌಂಡಿಗೆ ಸಾಕು ಅನ್ನೂದೇ ಅದರ ಕೆಲಸ ಹೌದಲ್ಲೇನು?"

ಆದರೆ ಲೋಳೆಯ ಜೀವಿ ಪ್ರಯೋಗಾಲಯದಲ್ಲಿ ಬೆಳೆಯಲು ಒಪ್ಪಲೇ ಇಲ್ಲ. ಸಕ್ಕರೆ ಕೊಟ್ಟಳು, ಸಾರು ಕೊಟ್ಟಳು, ಬಾವಡಿಯ ನೀರನ್ನೇ ತಂದು ಕೊಟ್ಟಳು. ಒಂದೆರಡು ದಿನ ಬದುಕಿ ಕರಗಿಹೋಗುತ್ತಿತ್ತು. ಆಗಲೇ ಶಿರಗುಪ್ಪಿಯವರ ಆದೇಶವೂ ಬಂತು: ಆ ಜಾಗವನ್ನು ತಾಮ್ರದ ದ್ರಾವಣದಿಂದ ತೊಳೆದು, ಲೋಳೆ ಕೊಂದು, ಹೊಸ ಗೌಂಡಿಗಳನ್ನು ಹರಿಸಬೇಕು.

"ಸರ್, ಸ್ವಲ್ಪ ದಿನ ತಡೀರಿ. ಅದು ಬ್ಯಾರೆ ಎಲ್ಲೂ ಸಿಕ್ಕಿಲ್ಲ. ಮಂದಿ ಜೀವಾ ಉಳಸೂ ವಸ್ತು ಅದರಾಗ ಐತಿ."

ಶಿರಗುಪ್ಪಿ ಕೆಟ್ಟವರಲ್ಲ. ಕಿಟಕಿಯಿಂದ ಮೇಲಿನ ಮನೆಗಳ ಕಡೆ ಕೈ ತೋರಿಸಿದರು. ಒಂದು ಮಹಡಿಯ ಮೇಲೆ ಹೆಂಗಸೊಬ್ಬಳು ಸಂಡಿಗೆ ಒಣಹಾಕುತ್ತಿದ್ದಳು. "ಗೋಡಿ ಜರದ್ರ ಅವರಿಗೆ ಏನಂತ ಹೇಳಲಿ ಮೇಡಂ? ಒಳಗೊಂದು ಹೊಸಾ ಜೀವಿ ಇತ್ತು, ಅದಕ್ಕ ಬಿಟ್ಟಿದ್ವಿ ಅಂತ ಹೇಳಲೇನ್ರಿ?"

ಅಂದು ಮನೆಗೆ ಬಂದವಳು ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಲೇ ಇದ್ದಳು, ತಿನ್ನಲಿಲ್ಲ. ಮಲಕಾರಿ ಗಾಲಿಕುರ್ಚಿ ಸರಿಸಿಕೊಂಡು ಹತ್ತಿರ ಬಂದು ಎಲ್ಲವನ್ನೂ ಕೇಳಿಸಿಕೊಂಡ.

"ಗೋಡಿ ಮ್ಯಾಲ ಹೆಂಗ ಬದುಕೈತಿ ಮತ್ತ?"

"ಅದ ತಿಳಿವಲ್ದು ಅಣ್ಣಾ. ಅಲ್ಲಿಂದ ನೀರ ತಂದು ಕೊಟ್ಟೆ, ಕಲ್ಲ ತಂದು ಕೊಟ್ಟೆ."

"ಗೌಂಡಿ ಕೊಟ್ಟಿಯೇನು?"

"ಗೌಂಡೀನ? ಅವನ್ನ ಬ್ಯಾರೆ ಮಾಡಾಕ ನಾ ವಾರಗಟ್ಲೆ ಒದ್ದಾಡೀನಿ."

"ಅದ ತಪ್ಪು ಮಾಡಿರಬೇಕು ನೋಡು. ರೇಸ್‌ನಾಗ ಕೆಲವು ಮಂದಿ ಇರ್ತಾರ. ಎದುರುಗಾಳಿಗೆ ಒಬ್ಬಾವನ ಬಿಟ್ರ ಹತ್ತು ಹರದಾರಿ ಹೊಡಿಯೂದಿಲ್ಲ. ಮುಂದಿನವನ ಗಾಲಿ ಹಿಂದ ಹತ್ತಿದ್ರಂದ್ರ, ಅಂವ ಗಾಳಿ ತಡೀತಾನ, ಇವರು ಕಡೀತನಕ ಬರ್ತಾರ. ಇದೂ ಅಂಥಾದ್ದ ಯಾಕ ಇರಬಾರದು?"

ಸುಗಲಾ ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ನಿಂತಳು. ಗೌಂಡಿ ಯೂರಿಯಾ ಒಡೆದಾಗ ಅಮೋನಿಯಾ ಬರುತ್ತದೆ. ಆ ಘಾಟನ್ನು ಕಸವೆಂದೇ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಲೋಳೆಯ ಜೀವಿಗೆ ಅದೇ ಊಟವಾಗಿದ್ದರೆ? ಗೌಂಡಿಗಳ ನಡುವೆಯೇ ಇದ್ದು, ಅವು ಬಿಟ್ಟದ್ದನ್ನು ಉಂಡು, ಅವು ಕಟ್ಟುವ ಗೋಡೆಯೊಳಗೆ ತಾನು ಹೂತುಹೋಗದಂತೆ ಅವುಗಳ ಕೈ ಕಟ್ಟಿಹಾಕುವ ಜೀವಿ!

ಮರುದಿನ ಬೆಳಿಗ್ಗೆ ಉಳಿದಿದ್ದ ಲೋಳೆಯನ್ನೆಲ್ಲ ಅಮೋನಿಯಾ ತುಂಬಿದ್ದ ಜಾಗಕ್ಕೆ ಹಾಕಿದಳು. ಅದು ಕಟ್ಟಿಕೊಂಡು ನಿಂತಿದ್ದ ಆ ಮೊದಲ ಗಾಜಿನ ಪಾತ್ರೆ, ಅಣ್ಣನ ಪ್ರೋಟಿಯಸ್‌ನ ಹಕ್ಕಳೆ ಗಟ್ಟಿಯಾಗಿದ್ದ ಪಾತ್ರೆ. ಅತ್ತ ಬಾವಡಿಯಲ್ಲಿ ತಾಮ್ರದ ದ್ರಾವಣ ಸುರಿದರು. ಹಳದಿ ಜಾಗ ನಿಧಾನಕ್ಕೆ ಹಸಿರಾಯಿತು. ಅದನ್ನು ನೋಡಲಾರದೆ ಅವಳು ಪರದೆಗೆ ಬೆನ್ನುಹಾಕಿ ಕೂತಳು. ಪಾತ್ರೆಯ ಹಕ್ಕಳೆಯ ಮೇಲೆ ಆ ವಾರದ ಕೊನೆಗೆ ಎಳೆ ಎಳೆಯಾದ ಹೊಳಪು ಮೂಡಿತು. ಜೀವಿ ಬೆಳೆದಿತ್ತು.

ಗೋಡೆ ಮಳೆಗಾಲವನ್ನು ಗಟ್ಟಿಯಾಗಿ ತಾಳಿಕೊಂಡಿತು. ಆದರೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮಳೆ ಚೆನ್ನಾಗಿ ಬಿದ್ದರೂ ಬಾವಿಗೆ ನೀರು ಏರಲಿಲ್ಲ. ಬಾವಿಯಿಂದ ಸುತ್ತಲಿನ ಓಣಿಗಳಿಗೆ ಹೋಗುವ ನಲ್ಲಿಗಳು ಸೊರಗಿದವು. ಶಿರಗುಪ್ಪಿ ಹಳೆಯ ನಕ್ಷೆಗಳನ್ನೆಲ್ಲ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾಗ ಸುಗಲಾಳಿಗೆ ಆ ಸಂದಿನಿಂದ ಒಸರುತ್ತಿದ್ದ ನೀರು ನೆನಪಾಯಿತು.

"ಸರ್, ಅದು ಬಿರುಕಲ್ಲ, ಬಾವಿಯ ಸೆಲಿ. ನಾವು ಸೆಲಿ ಬಾಯಿಗೆ ಕಲ್ಲ ಕಟ್ಟಿಸೀವಿ."

ಬಾವಡಿಯ ನೀರು ಯಾವತ್ತೂ ಸುಣ್ಣದ ನೀರೇ. ಗೌಂಡಿಗಳಂಥ ಜೀವಿಗಳು ಮಣ್ಣಿನಲ್ಲಿ ಎಂದಿನಿಂದಲೂ ಇವೆ. ಆದರೂ ಆ ಸೆಲೆ ಇಷ್ಟು ಕಾಲ ಮುಚ್ಚದೆ ಉಳಿದದ್ದು ಲೋಳೆಯಿಂದಲೇ ಎಂದು ಅವಳು ಊಹಿಸಿದಳು. ಸಾಬೀತು ಮಾಡಲು ಒಂದೇ ದಾರಿ ಇತ್ತು. ಸೆಲೆಯ ಬಾಯಿಯನ್ನು ಸಣ್ಣ ಉಳಿಯಿಂದ ಹುಷಾರಾಗಿ ಬಿಡಿಸಿ, ಅಂಚಿಗೆಲ್ಲ ಆ ಜೀವಿಯನ್ನು ಸವರಿದರು. ಆಗ ಜಗತ್ತಿನಲ್ಲಿ ಅದು ಬದುಕಿದ್ದದ್ದು ಅವಳ ಗಾಜಿನ ಪಾತ್ರೆಯಲ್ಲಿ ಮಾತ್ರ. ನೀರು ಬಂತು, ಸುತ್ತಲಿನ ಗೋಡೆ ಹಸಿರಾಗಿಯೇ ಇತ್ತು, ಸೆಲೆ ಮತ್ತೆ ಮುಚ್ಚಲಿಲ್ಲ.

"ಅಂದ್ರ ಇಡೀ ಓಣಿ ನನ್ನ ಉಚ್ಚಿಯಾಗ ಬೆಳದ ಹುಳದ ಪುಣ್ಯಾದಿಂದ ನೀರ ಕುಡಿಯಾಕತ್ತೈತಿ!" ಮಲಕಾರಿ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸಿದ. ಅವ್ವ ಮಾತ್ರ "ಮಂದಿ ಮುಂದ ಅನಬ್ಯಾಡೋ, ನಳದ ನೀರ ಬಿಟ್ಟಾರು" ಎಂದು ತಲೆ ಚಚ್ಚಿಕೊಂಡಳು.

ಅವನು ನಗಿಸುತ್ತಿದ್ದರೂ ಬಲಗಡೆಯ ಕಲ್ಲು ಬೆಳೆಯುತ್ತಲೇ ಇತ್ತು. ಜ್ವರ ಮತ್ತೆ ಮತ್ತೆ ಬರತೊಡಗಿತು. ಡಾಕ್ಟರ್ ಇನಾಮದಾರ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಬೆನ್ನಿನಿಂದ ತೂತು ಕೊರೆದು ಶುಂಠಿಯ ಕವಲುಗಳನ್ನು ಒಡೆದು ಹೊರತೆಗೆದರು. ಆದರೆ ಮೂಲೆಯೊಂದರಲ್ಲಿ ಸಾಸಿವೆಯಷ್ಟು ಚೂರು ಉಳಿದುಬಿಟ್ಟಿತು. ಅದನ್ನು ಕೀಳಲು ಹೋದರೆ ರಕ್ತಸ್ರಾವದ ಭಯ.

"ಇದು ಮತ್ತ ಬೆಳಿತೈತಿ," ಎಂದರು ಡಾಕ್ಟರು, ಏನನ್ನೂ ಮುಚ್ಚಿಡದೆ.

"ಹಂಗಾರ ನನ್ನ ತಂಗಿ ಕಂಡುಹಿಡದ ಔಷಧ ನನಗ ಹಾಕ್ರಿ," ಎಂದ ಮಲಕಾರಿ.

"ಸುಗಲಾ ನಿಮ್ಮ ಸ್ವಂತ ತಂಗಿ ಅದಾಳ್ರಿ ಮಲಕಾರಿ. ಅದಕ್ಕ ನನಗ ಭಯ. ಮನಿ ಮಂದಿ ಅವಸರದಾಗ ಕೊಟ್ಟ ಔಷಧಕ್ಕ ನಾ ಸೈ ಹಾಕಂಗಿಲ್ಲ. ಜೀವಂತ ಜೀವಿ ಅಂತೂ ಒಳಗ ಬಿಡೂದೇ ಇಲ್ಲ. ಬೇಕಂದ್ರ ಆ ಪದಾರ್ಥ ಮಾತ್ರ ಶುದ್ಧ ಮಾಡಿ ಪೈಪಿಗೆ ಹಚ್ಚೂಣು. ಅದಕ್ಕೂ ಮೊದಲ ಪ್ರಾಣಿಗಳ ಮ್ಯಾಲ, ಆಮ್ಯಾಲ ಹೊಸಾ ಔಷಧಕ್ಕ ಒಪ್ಪಿಗಿ ಕೊಡೂ ಸಮಿತಿ ಮುಂದ."

ಸುಗಲಾಳಿಗೆ ಸಿಟ್ಟು ಬಂತು. ಆಮೇಲೆ, ಡಾಕ್ಟರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದೂ ಗೊತ್ತಾಯಿತು. ತಿಂಗಳುಗಳು ಕಳೆದವು. ಆ ತಿಂಗಳುಗಳಲ್ಲಿ ಮಲಕಾರಿಯ ಕೊಳವೆ ಹಳೆಯ ರೀತಿಯಲ್ಲೇ ಕಟ್ಟುತ್ತಿತ್ತು, ಅವ್ವ ಹಳೆಯ ರೀತಿಯಲ್ಲೇ ಎಚ್ಚರವಿರುತ್ತಿದ್ದಳು. ಮೂತ್ರಪಿಂಡದ ಚೂರು ಸಾಸಿವೆಯಿಂದ ತೊಗರಿಕಾಳಾಯಿತು. ಕೊನೆಗೆ ಸಮಿತಿ ಒಪ್ಪಿದಾಗ ಸಮಿತಿಯ ಹಿರಿಯರೊಬ್ಬರು ಅವನನ್ನೇ ಕೇಳಿದರು: "ಇದರಿಂದ ಏನಾಗಬಹುದು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ನಿಮಗೆ ಒಪ್ಪಿಗೆಯೇ?"

"ಹಾಕದಿದ್ರ ಏನಾಗತೈತಿ ಅಂತ ನನಗ ಪೂರ್ತಿ ಗೊತ್ತೈತ್ರಿ," ಎಂದ ಮಲಕಾರಿ. "ಒಪ್ಪಿಗಿ ಐತಿ."

'ಸಾಕು' ಸವರಿದ ಕೊಳವೆ ಹಾಕಿಸಿಕೊಂಡು ಅವನು ಮನೆಗೆ ಬಂದ. ಅದನ್ನು ಪರೀಕ್ಷಿಸಲು ಸುಗಲಾ ಗೋಡೆಯ ಸೂಜಿಗಳಂಥದೇ ಒಂದನ್ನು ಚೀಲಕ್ಕೆ ಜೋಡಿಸಿದಳು. ಹಾಗಾಗಿ ತಗಡಿನ ಕೋಣೆಯ ಪರದೆಯ ಮೂಲೆಯಲ್ಲಿ ಬಾವಡಿಯ ಜೊತೆಗೆ ಅಣ್ಣನೂ ಒಂದು ಚುಕ್ಕೆಯಾಗಿ ಕೂತ. ಗೋಡೆಯ ಚುಕ್ಕೆ ಹಸಿರಾದರೆ ಅವಳಿಗೆ ಸಂತೋಷ, ಅಣ್ಣನದು ಹಸಿರಾದೀತೆಂಬ ಭಯ. ಕೊಳವೆ ಕಟ್ಟಬೇಕಾಗಿದ್ದ ವಾರ ಬಂತು, ಚುಕ್ಕೆ ಹಳದಿಯಾಗಿಯೇ ಇತ್ತು. ಆ ವಾರ ಅವ್ವ ಮಗನ ಹಣೆಯನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಹಣೆ ಒಣಗಿತ್ತು. ಮುಂದಿನ ವಾರವೂ ಒಣಗಿತ್ತು.

ಕೊಳವೆ ಬದಲಿಸುವ ದಿನ ಡಾಕ್ಟರ್ ಇನಾಮದಾರ ಅದನ್ನು ಸೀಳಿ ಬೆಳಕಿಗೆ ಹಿಡಿದರು. ಒಳಗೆ ನುಣುಪಾಗಿತ್ತು. ಅದನ್ನು ಸುಗಲಾಳ ಕೈಗೆ ಕೊಟ್ಟರು. ಮತ್ತೆ ಕೆಲವು ತಿಂಗಳ ನಂತರದ ಎಕ್ಸ್‌ರೇಯಲ್ಲಿ ತೊಗರಿಕಾಳು ತೊಗರಿಕಾಳಾಗಿಯೇ ಇತ್ತು.

"ಕರಗಿಲ್ಲ," ಎಂದರು ಡಾಕ್ಟರು. "ಬೆಳದೂ ಇಲ್ಲ. ಮೂತ್ರದಾಗ ಬ್ಯಾಕ್ಟೀರಿಯಾ ಇನ್ನೂ ಅದಾವ. ಇದು ವಾಸಿ ಆತು ಅಂತ ನಾ ಹೇಳಂಗಿಲ್ಲ. ನಾಳೆ ಅವು ಇದಕ್ಕೂ ಒಂದು ಉಪಾಯ ಕಲೀಬಹುದು."

"ಕಲೀಲಿ ಬಿಡ್ರಿ," ಎಂದ ಮಲಕಾರಿ. "ಬಾಡಿಗಿ ಕೊಡದಿದ್ರೂ ನಡೀತೈತಿ, ಮನಿ ಕಟ್ಟದಿದ್ರ ಸಾಕು."

ಸುಗಲಾಳ ಕಣ್ಣು ಎಕ್ಸ್‌ರೇಯ ಮೇಲೆಯೇ ಇತ್ತು. ಆ ಕಾಳಿನೊಳಗೆ ಬಾಗಿಲು ಹಾಕಿಕೊಂಡು ಕೂತವು ಈಗ ಏನು ಮಾಡುತ್ತಿರಬಹುದು? ಒಂದಕ್ಕೊಂದು ಕೂಗುತ್ತಿರಬಹುದೇ? ಕೂಗು ಕೇಳಿಸದೆ ಸುಮ್ಮನಾಗಿರಬಹುದೇ? ತಿಳಿಯಬೇಕೆಂಬ ಆಸೆ ಮತ್ತೆ ಚಿಗುರಿತು. ಅದಕ್ಕೆ ಯಾವ ಸೂಜಿ ಬೇಕೆಂದು ಅಲ್ಲೇ ಲೆಕ್ಕ ಹಾಕತೊಡಗಿದಳು.

ಆ ಚಳಿಗಾಲದಲ್ಲಿ ಮಲಕಾರಿಯ ಹಳೆಯ ಗೆಳೆಯರು ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಜಮಖಂಡಿಯ ಕಡೆ ಸೈಕಲ್ ರೇಸು, ಮೂರು ದಿನದ ಪ್ರವಾಸ. ಬೆನ್ನು ಮುರಿದ ಮೇಲೆ ಅವನು ಊರಿನ ಆಸ್ಪತ್ರೆಯಿಂದ ದೂರ ಒಂದು ರಾತ್ರಿಯೂ ಕಳೆದಿರಲಿಲ್ಲ. ಅವ್ವ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಬದಲಿ ಕೊಳವೆ, ಬದಲಿ ಚೀಲ ಎಲ್ಲವನ್ನೂ ಕಟ್ಟಿಕೊಟ್ಟಳು. ಗೆಳೆಯರಿಗೆ ಬೆವರಿನ ವಿಷಯವನ್ನು ಎರಡೆರಡು ಸಲ ಹೇಳಿದಳು.

"ಹಣಿ ನೋಡ್ತಿರ್ರಪಾ."

"ನೋಡ್ತೀವಿ ಅವ್ವಾರ."

ವ್ಯಾನು ಓಣಿಯ ತಿರುವು ದಾಟಿತು. ಸುಗಲಾ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಎರಡು ಕಪ್ಪು ಹಿಡಿದು ಹೊರಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಮಗನ ಮಂಚದ ಮೇಲೆ ಅಡ್ಡಾಗಿದ್ದಳು. ಸೆರಗು ಮುಖದ ಮೇಲೆ ಬಿದ್ದಿತ್ತು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ಪಕ್ಕದ ಮನೆಯಲ್ಲಿ ಪಾತ್ರೆ ಜಾರಿ ಬಿದ್ದು ದೊಡ್ಡ ಸದ್ದಾಯಿತು. ಅವ್ವ ಅಲುಗಲಿಲ್ಲ. ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿಯೇ ಇದ್ದಳು. ಸುಗಲಾ ಕಪ್ಪುಗಳನ್ನು ಕೆಳಗಿಟ್ಟು, ಚಿಲಕ ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.